ಮುನಿಕೃಷ್ಣಮ್ಮನವರ ಹುಂಜದ ಸನ್ನಿಧಾನಕ್ಕೆ, ಮೊದಲನೇ ಮಹಡಿಯ ಬಾಡಿಗೆದಾರನ ಅಹವಾಲು

ಮಾನ್ಯರೇ,

ಅಲ್ಲಾಳಸಂದ್ರದ ನಮ್ಮ ಅಡ್ಡರಸ್ತೆಯ ಕಾಂಪೌಂಡ್ ಗೋಡೆಯ ಮೇಲೆ ಪ್ರತಿದಿನ ಬೆಳಗಿನ ಜಾವ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಅಧಿಕಾರ ವಹಿಸಿಕೊಳ್ಳುವ, ಕೆಂಪು ಕಿರೀಟವನ್ನು ಹುಟ್ಟಿನಿಂದಲೇ ಪಡೆದಿರುವ, ರಜೆ ಎಂಬುದನ್ನೇ ಅರಿಯದ ಹುಂಜರಾಯರಿಗೆ, ಆ ಗೋಡೆಯಿಂದ ಒಂಬತ್ತೇ ಅಡಿ ಮೇಲಿರುವ ಮಲಗುವ ಕೋಣೆಯ ಕಿಟಕಿಯಿಂದ ಬಾಡಿಗೆದಾರ ಕಾಡಪ್ಪ ಮಾಡುವ ಅನಂತ ನಮಸ್ಕಾರಗಳು. ಇತ್ತ ನಮ್ಮ ಮನೆಯಲ್ಲಿ ಎಲ್ಲರೂ ಎಚ್ಚರವಾಗಿದ್ದೇವೆ. ಅತ್ತ ತಮ್ಮ ಕ್ಷೇಮ ಸಮಾಚಾರಕ್ಕೆ ಬರೆದು ಕೇಳುವ ಅಗತ್ಯವೇ ಇಲ್ಲ, ಅದು ಕೆರೆಯ ಆಚೆ ದಡದವರೆಗೂ ದಿನಾ ಕೇಳಿಸುತ್ತದೆ.

ಮೊದಲಿಗೆ ನನ್ನ ಪರಿಚಯ. ನಾನು ಯಲಹಂಕದ ಬಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಗ್ರಂಥಪಾಲಕ. ಬೆಳಗಾವಿ ಜಿಲ್ಲೆಯಿಂದ ಬಂದು ಇಪ್ಪತ್ತಾರು ವರ್ಷಗಳಿಂದ 'ಮೌನವಾಗಿರಿ' ಎಂಬ ಫಲಕದ ಕೆಳಗೆ ಕೂತು ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಈ ಇಪ್ಪತ್ತಾರು ವರ್ಷಗಳಲ್ಲಿ ಆ ಫಲಕದ ಮಾತನ್ನು ಯಾವ ವಿದ್ಯಾರ್ಥಿಯೂ ಕೇಳಿಲ್ಲವಾದ್ದರಿಂದ, ಕೊನೆಯ ಪಕ್ಷ ಮನೆಯಲ್ಲಾದರೂ ಮೌನ ಸಿಗಲೆಂಬ ದುರಾಸೆ ನನಗೆ ಹುಟ್ಟಿದ್ದು ಸಹಜವೇ. ಯಶವಂತಪುರದಲ್ಲಿ ರೈಲು ಹಳಿಯ ಪಕ್ಕದ ಮನೆಯಲ್ಲಿ ಹನ್ನೊಂದು ವರ್ಷ ಕುಂಭಕರ್ಣನ ಹಾಗೆ ನಿದ್ದೆ ಮಾಡಿದವನು ನಾನು. ಅಲ್ಲಿ ಸುಮ್ಮನೆ ಬಿದ್ದುಕೊಂಡಿರಬಾರದಿತ್ತೇ? 'ಪ್ರಶಾಂತ ಬಡಾವಣೆ, ಕೆರೆಯ ನೋಟ' ಎಂಬ ಜಾಹೀರಾತು ಓದಿ, ಸುಖವಾಗಿದ್ದ ಜೀವವನ್ನು ಎತ್ತಿಕೊಂಡು ಇಲ್ಲಿಗೆ ಬಂದೆ. ಕೆರೆಯೇನೋ ಕಾಣುತ್ತದೆ, ಬಚ್ಚಲುಮನೆಯಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತರೆ. ಪ್ರಶಾಂತತೆಯೂ ಇತ್ತು, ಕಳೆದ ಸೆಪ್ಟೆಂಬರಿನಲ್ಲಿ ಮನೆಯ ಯಜಮಾನಿ ಮುನಿಕೃಷ್ಣಮ್ಮನವರು ತಮ್ಮನ್ನು ಒಂದು ಬಿದಿರು ಬುಟ್ಟಿಯಲ್ಲಿ ಕೂರಿಸಿಕೊಂಡು ಆಟೋದಿಂದ ಇಳಿಸುವವರೆಗೆ.

ಆಗ ತಾವಿನ್ನೂ ಸಣ್ಣವರು, ದನಿ ಒಡೆದಿರಲಿಲ್ಲ. ಕಾಲಿಗೆ ಅರಿಶಿನದ ದಾರವೊಂದನ್ನು ಕಟ್ಟಿದ್ದರು. ಕಾಲೇಜಿನಲ್ಲಿ ನಮ್ಮೆಲ್ಲರ ಕೊರಳಿಗೆ ಗುರುತಿನ ಚೀಟಿ ಕಟ್ಟುವ ಹಾಗೆ ಇದೂ ಏನೋ ಗುರುತಿರಬೇಕೆಂದು, ಓದಿದವನ ಜಾಣತನದಿಂದ ತೀರ್ಮಾನಿಸಿದೆ. ಅಕ್ಟೋಬರಿನಲ್ಲಿ ತಮ್ಮ ಸಂಗೀತಾಭ್ಯಾಸ ಶುರುವಾಯಿತು. ತಮ್ಮ ಸಮಯಪಾಲನೆಯನ್ನು ಹೊಗಳದೆ ಇರಲಾರೆ. ನಮ್ಮ ಬೀದಿಗೆ ಕಾವೇರಿ ನೀರು ಹೇಳಿದ ಹೊತ್ತಿಗೆ ಬರುವುದಿಲ್ಲ, ಕಸದ ಗಾಡಿ ಬರುವುದಿಲ್ಲ, ಬಸ್ಸಂತೂ ಬರುವುದೇ ಇಲ್ಲ. ಹೇಳದೆಯೇ ಸರಿಯಾದ ಹೊತ್ತಿಗೆ ಬರುವುದು ತಮ್ಮ ಕಂಠವೊಂದೇ. ಬೆಳಗಾದ ಮೇಲಾದರೂ ಸುಮ್ಮನಾಗಬಹುದಿತ್ತು. ಆದರೆ ಯಾರಿಗಾದರೂ ಬೆಳಗಾದದ್ದು ತಿಳಿಯದೆ ಹೋದೀತೆಂಬ ಕಳಕಳಿಯಿಂದ ಮಧ್ಯಾಹ್ನ ಎರಡೂವರೆಗೆ ಇನ್ನೊಮ್ಮೆ ತಿಳಿಸುತ್ತೀರಿ.

ನಾನು ಸುಮ್ಮನೆ ಕೂತವನಲ್ಲ. ಮುನಿಕೃಷ್ಣಮ್ಮನವರ ಮಗ, ಹಳೆಯ ರಾಗಿ ಹೊಲದಲ್ಲಿ ಮೂರು ಅಪಾರ್ಟ್‌ಮೆಂಟು ಎಬ್ಬಿಸಿರುವ ನರೇಂದ್ರ ಅವರ ಬಳಿ ಹೋಗಿ, ತಮ್ಮ ವಿಷಯವನ್ನು ಅತ್ಯಂತ ವಿನಯದಿಂದ ಎತ್ತಿದೆ. ಅವರು ಕಾರಿನ ಗಾಜು ಅರ್ಧ ಇಳಿಸಿ, "ಸಾರ್, ಬಿಲ್ಡಿಂಗ್ ವಿಷ್ಯ ಏನಿದ್ರೂ ಹೇಳಿ, ನಿಂತ್ಕೊಂಡು ಮಾಡಿಸ್ಕೊಡ್ತೀನಿ. ಕೋಳಿ ವಿಷ್ಯ ಅಮ್ಮಂದು. ಅದಕ್ಕೆ ನಾನ್ ಬರಲ್ಲ ಗುರುವೇ," ಎಂದು ಗಾಜು ಏರಿಸಿಕೊಂಡರು. ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರಾದ ಅನಂತರಾಜು ಅವರಿಗೆ ಎರಡು ಪುಟದ ಮನವಿಯನ್ನು ವಾಟ್ಸಾಪ್ ಗುಂಪಿನಲ್ಲಿ ಕಳಿಸಿದೆ. ಅವರು ಹೆಬ್ಬೆರಳೆತ್ತಿ, ಮರುದಿನ ಬೆಳಿಗ್ಗೆ ಎಂದಿನಂತೆ 'ಶುಭೋದಯ' ಚಿತ್ರ ಹಾಕಿದರು. ಚಿತ್ರದಲ್ಲಿ ಇದ್ದದ್ದು ಹುಂಜ.

ಇನ್ನು ನನ್ನ ಧರ್ಮಪತ್ನಿ ರತ್ನಾ. ಆಕೆಯ ಬೆಂಬಲವಾದರೂ ಸಿಗಬಹುದೆಂದು ಕಣ್ಣು ಕೆಂಪಗೆ ಮಾಡಿಕೊಂಡು ಹೋಗಿ ನಿಂತರೆ, ಜೋಳದ ಹಿಟ್ಟು ನಾದುತ್ತಲೇ, "ಅಲ್ರೀ, ನಿಮ್ಮ ಗೊರಕಿ ಮುಂದ ಅದರ ಕೂಗು ಯಾವ ಲೆಕ್ಕ? ಪಾಪ, ಅದು ನಿಮ್ಮ ಗೊರಕಿ ಕೇಳೇ ಹೆದರಿ ಎದ್ದು ಕೂಗತೈತಿ," ಎಂದಳು. ಮೂವತ್ತು ವರ್ಷ ಜೊತೆಗೆ ಬಾಳಿದವಳು ಪರಪಕ್ಷದ ಸಾಕ್ಷಿಯಾದ ಮೇಲೆ ನಾನು ಕಿವಿಗೆ ಹತ್ತಿ ತುರುಕಿಕೊಂಡು ಮಲಗಲಾರಂಭಿಸಿದೆ. ಹತ್ತಿಯಿಂದಾಗಿ ಕಾಲೇಜಿಗೆ ಹೊರಡಲು ಇಟ್ಟ ಅಲಾರಂ ಕೇಳಿಸಲಿಲ್ಲ, ತಾವು ಮಾತ್ರ ಸ್ಪಷ್ಟವಾಗಿ ಕೇಳಿಸಿದಿರಿ.

ಕೊನೆಗೆ ಕಳೆದ ಬುಧವಾರ, ಯಾವ ಮನುಷ್ಯನೂ ಬುದ್ಧಿ ನೆಟ್ಟಗಿದ್ದಾಗ ಮಾಡದ ಕೆಲಸ ಮಾಡಿದೆ. ನೇರವಾಗಿ ಮುನಿಕೃಷ್ಣಮ್ಮನವರ ಬಳಿಗೆ ಹೋದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಎದುರಿಗೆ ಕುಕ್ಕರಗಾಲಲ್ಲಿ ಕೂತು, ಒಂದೆರಡು ಕಾಯಿ ನಾನೂ ಸುಲಿದು, ಗಂಟಲು ಸರಿಮಾಡಿಕೊಂಡು, "ಅಮ್ಮಾ, ಈ ಹುಂಜದ್ದೊಂದು ಏನಾದರೂ ವ್ಯವಸ್ಥೆ ಮಾಡಬೇಕಲ್ಲ," ಎಂದೆ. ನನ್ನ ಮನಸ್ಸಿನಲ್ಲಿದ್ದದ್ದು ಹಿತ್ತಲಲ್ಲೊಂದು ಗೂಡು, ಅದಕ್ಕೊಂದು ಮುಚ್ಚಳ, ಅಷ್ಟೇ. ನನ್ನಾಣೆಗೂ ಅಷ್ಟೇ.

ಆ ತಾಯಿಯ ಮುಖ ಅರಳಿತು. "ಅಯ್ಯೋ ಸಾರ್, ನೀವೇ ಬಾಯ್ಬುಟ್ಟು ಕೇಳುದ್ರಲ್ಲ, ಅಷ್ಟು ಸಾಕು ಕಣಪ್ಪಾ! ನಿಮ್ ಮೈಗೆ ಕಸುವು ಬರ್ಲಿ ಅಂತ್ಲೇ ಕಾಯ್ತಿದ್ದೆ. ಅದು ನಿಮ್ಮೆಸ್ರಲ್ಲಿ ಮುನೇಶ್ವರಂಗೆ ಒತ್ತಿರೋ ಅರಕೆ. ಈ ಭಾನ್ವಾರನೇ ತೀರಿಸ್ಬುಡಾಣ," ಎಂದರು.

ಮಾನ್ಯರೇ, ಈ ಹರಕೆಯ ಮೂಲವನ್ನು ಕೇಳಿ. ಕಳೆದ ಆಗಸ್ಟಿನಲ್ಲಿ ನನಗೆ ಡೆಂಗ್ಯೂ ಬಂದಿತ್ತು. ರತ್ನಾ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದಳು. ನನ್ನನ್ನು ಆಸ್ಪತ್ರೆಗೆ ಸಾಗಿಸಿದ್ದು, ಆಕೆ ಬಂದು ಮುಟ್ಟುವವರೆಗೆ ಎರಡು ದಿನ ಬೆಂಚಿನ ಮೇಲೆ ಕೂತಿದ್ದು, ಪರಂಗಿ ಎಲೆಯ ರಸವನ್ನು ನರ್ಸಿನ ಕಣ್ಣು ತಪ್ಪಿಸಿ ಕುಡಿಸಿದ್ದು ಇದೇ ಮುನಿಕೃಷ್ಣಮ್ಮ. ಬದುಕಿದ್ದು ಯಾವುದರಿಂದಲೋ, ಅಂತೂ ಒಂಬತ್ತನೇ ದಿನ ಎದ್ದು ಬಂದೆ. ಯಶವಂತಪುರದ ಮನೆಯವರು ಹನ್ನೊಂದು ವರ್ಷವೂ ನನ್ನನ್ನು 'ಫಸ್ಟ್ ಫ್ಲೋರ್' ಎಂದೇ ಕರೆದರು. ಈಕೆ ಮಾತ್ರ, ನಾನು ಬಂದು ಎರಡು ತಿಂಗಳೂ ಆಗಿರದಾಗ, ಕೆರೆ ಏರಿಯ ಮುನೇಶ್ವರನ ಮುಂದೆ ನಿಂತು, "ನಮ್ಮನೆ ಸಾರ್ ಎದ್ದು ಬಂದ್ರೆ ಒಂದು ಉಂಜ ಕೊಡ್ತೀನಿ ಸ್ವಾಮಿ," ಎಂದು ಬೇಡಿಕೊಂಡಿದ್ದರಂತೆ. ತಮ್ಮ ಕಾಲಿನ ಅರಿಶಿನ ದಾರ ನನ್ನ ಆಯುಷ್ಯಕ್ಕೆ ಕಟ್ಟಿದ್ದು. ಅಂದರೆ, ನಾಲ್ಕು ತಿಂಗಳಿಂದ ನಾನು ಯಾರ ಮೇಲೆ ದೂರು ಕೊಡುತ್ತ ತಿರುಗಿದೆನೋ, ಅವರು ಈ ಗೋಡೆಯ ಮೇಲೆ ಬಂದು ಕೂತದ್ದೇ ನನ್ನಿಂದ. ಇಷ್ಟು ದಿನ ಮುಂದಕ್ಕೆ ಹೋಗುತ್ತಿದ್ದ ಸಾವನ್ನು ತಮಗೆ ದಿನಾಂಕ ಸಮೇತ ಗೊತ್ತು ಮಾಡಿಸಿದವನೂ ನಾನೇ. ಥೂ, ನನ್ನ ಜನ್ಮಕ್ಕಿಷ್ಟು!

ಬೇಡವೆನ್ನಬಹುದಿತ್ತಲ್ಲ ಎಂದು ತಾವು ಕತ್ತು ಓರೆ ಮಾಡಿ ಕೇಳಬಹುದು. ಹೇಳಿ ನೋಡಿದೆ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಒಡೆಯುವವರಲ್ಲ, ನನಗಾಗಿ ಒಂದು ಜೀವ ಹೋಗುವುದು ಬೇಡವೆಂದೆ. "ನೀವ್ ತಿನ್ನಲ್ಲ ಅಂತ ನಂಗೊತ್ತಿಲ್ವಾ? ನಿಮ್ಗೆ ಬ್ಯಾರೆ ಪಾತ್ರೇಲಿ ಪೊಂಗಲ್ಲು," ಎಂದರು. ಇನ್ನೂ ಬೇಡವೆಂದಾಗ ಸುಲಿಯುವ ಕೈ ನಿಂತಿತು. "ಒತ್ತ ಅರಕೆ ತೀರಿಸ್ದೆ ಬುಟ್ಟು, ನಿಮ್ಗೆ ತಿರ್ಗಾ ಜ್ವರ ಬಂದ್ಬುಟ್ರೆ ನಾನೇನ್ ಮಾಡ್ಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಜೀವಕ್ಕೆ ಹೆದರಿ ಅಳುವವರ ಎದುರು ಇನ್ನೇನು ವಾದ ಮಾಡಲಿ, ಎದ್ದು ಬಂದೆ. ಮೆಟ್ಟಿಲಲ್ಲಿ ಸಿಕ್ಕ ನರೇಂದ್ರ, "ಬಿಡಿ ಸಾರ್, ಕೋಳಿ ಕೇಳಿ ಮಸಾಲೆ ಅರೀತಾರಾ?" ಎಂದು ಬೆನ್ನು ತಟ್ಟಿದರು.

ಆದರೆ ಮಾನ್ಯರೇ, ನಮ್ಮ ಬೀದಿಯಲ್ಲಿ ಕೋಳಿಯನ್ನು ಕೇಳಿಯೇ ಮಸಾಲೆ ಅರೆಯುತ್ತಾರೆಂಬ ಸಂಗತಿ ಗುರುವಾರ ನನಗೆ ತಿಳಿದುಬಂತು. ವಾಕಿಂಗ್ ನೆಪದಲ್ಲಿ ಕೆರೆ ಏರಿಗೆ ಹೋಗಿ, ಮುನೇಶ್ವರನ ಗುಡಿಯ ಪೂಜಾರಿ ಚಿಕ್ಕಮುನಿಯಪ್ಪನವರನ್ನು ಮಾತಿಗೆಳೆದೆ. "ಸುಮ್ಕೆ ಕುಯ್ಯಂಗಿಲ್ಲ ಸಾರ್. ಮೊದ್ಲು ತೀರ್ಥ ಚಿಮುಕಿಸ್ತೀವಿ. ಮೈ ಒದರ್ತು ಅಂದ್ರೆ ಸ್ವಾಮಿ ಒಪ್ಕೊಂಡ. ಮೂರ್ ಕಿತ ಚಿಮುಕಿಸಿದ್ರೂ ಒದರ್ಲಿಲ್ಲ ಅಂದ್ರೆ ಅವನಿಗೆ ಬ್ಯಾಡ ಅಂತ. ಬುಟ್ಬುಡ್ತೀವಿ. ಅರಕೇನೂ ತೀರ್ತು. ಆಮ್ಯಾಕೆ ಅದ್ನ ಯಾರೂ ಮುಟ್ಟಂಗಿಲ್ಲ, ಗದರಂಗೂ ಇಲ್ಲ," ಎಂದರು. ಎಷ್ಟು ವರ್ಷ ಬದುಕುತ್ತದೆ ಎಂದು ಮೆಲ್ಲಗೆ ಕೇಳಿದೆ. "ಒಂದು ಏಳೆಂಟು ವರ್ಸ," ಎಂದರು. ನಾನು ಗುಡಿಯ ಕಟ್ಟೆಯ ಮೇಲೆ ಕೂತು ಬೆರಳು ಮಡಿಸಿ ಲೆಕ್ಕ ಹಾಕಿದೆ. ಕೈಯಲ್ಲಿ ಮುಚ್ಚಳದ ಗೂಡೂ ಇಲ್ಲ, ಗದರುವ ಹಕ್ಕೂ ಇಲ್ಲ, ಎಂಟು ವರ್ಷ!

ಆದ್ದರಿಂದ ಈ ಪತ್ರದ ನಿಜವಾದ ಕೋರಿಕೆಯನ್ನು ಈಗ ಸಲ್ಲಿಸುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮ ಮೇಲೆ ತಣ್ಣೀರು ಬೀಳುತ್ತದೆ. ಮಾಘದ ಚಳಿ ಇನ್ನೂ ಬಿಟ್ಟಿಲ್ಲ, ಮೈ ಕೊಡವಿ ನೀರು ಒದರಬೇಕೆನಿಸುತ್ತದೆ. ದಯಮಾಡಿ ಒದರಬೇಡಿ. ಓದುವ ಕೋಣೆಯ ವಿದ್ಯಾರ್ಥಿಯ ಹಾಗೆ ನಿಂತುಬಿಡಿ. ಬೇಡ, ಬೇಡ, ಅವರನ್ನು ಮಾತ್ರ ಅನುಸರಿಸಬೇಡಿ, ಗ್ರಂಥಪಾಲಕನ ಹಾಗೆ ನಿಲ್ಲಿ. ನಾಲ್ಕು ತಿಂಗಳಿಂದ ತಮ್ಮಲ್ಲಿ ಮೌನ ಬೇಡಿದೆ, ತಾವು ಕೊಡಲಿಲ್ಲ, ಬೇಜಾರಿಲ್ಲ. ಐದು ನಿಮಿಷ ಅಲುಗದೆ ನಿಲ್ಲುವುದನ್ನಷ್ಟೇ ಈಗ ಬೇಡುತ್ತಿದ್ದೇನೆ. ಅದಾದ ಮೇಲೆ ನಾಲ್ಕಕ್ಕೆ ಕೂಗಿ, ಮೂರಕ್ಕೆ ಕೂಗಿ, ಬೇಕಾದರೆ ಕಿಟಕಿಯೊಳಗೆ ಬಂದು ಕಿವಿಯಲ್ಲೇ ಕೂಗಿ. ನನ್ನಿಂದಾಗಿ ಒಂದು ಜೀವ ಹೋಯಿತೆಂಬುದನ್ನು ಇಟ್ಟುಕೊಂಡು ಆ ಪ್ರಶಾಂತ ಕೋಣೆಯಲ್ಲಿ ಮಲಗುವುದು ನನ್ನಿಂದಾಗದು.

ಇಂತು, ನಿದ್ದೆಯನ್ನು ತಮ್ಮ ಪಾದಕ್ಕೆ ಒಪ್ಪಿಸಿರುವ,

ತಮ್ಮ ವಿಶ್ವಾಸಿ,
ಕಾಡಪ್ಪ
ಮೊದಲನೇ ಮಹಡಿ, ಮುನಿಕೃಷ್ಣಮ್ಮನವರ ಮನೆ

ತಾ.ಕ.: ಈ ಪತ್ರವನ್ನು ತಮಗೆ ತಲುಪಿಸುವ ಬಗೆ ಗೊತ್ತಾಗದೆ ಜೇಬಿನಲ್ಲೇ ಇಟ್ಟುಕೊಂಡು ನಿನ್ನೆ ಗುಡಿಗೆ ಬಂದಿದ್ದೆ. ಹರಕೆ ಯಾರ ಹೆಸರಲ್ಲಿದೆಯೋ ಅವರೇ ಹಿಡಿಯಬೇಕೆಂದು ಚಿಕ್ಕಮುನಿಯಪ್ಪನವರು ತಮ್ಮನ್ನು ತಂದು ನನ್ನ ಕೈಗಿಟ್ಟರು. ಜನ್ಮದಲ್ಲಿ ಕೋಳಿ ಮುಟ್ಟದವನು, ಮೊದಲ ತೀರ್ಥಕ್ಕೆ ತಮ್ಮ ಎರಡೂ ರೆಕ್ಕೆಗಳನ್ನು ಅವುಚಿ ಹಿಡಿದು ಮೋಸ ಮಾಡಿದೆ. "ಸಡಿಲಾಗಿ ಇಡ್ಕೊಳಿ ಸಾರ್," ಎಂದರು. ಎರಡನೆಯದಕ್ಕೂ ಮೋಸ ಮಾಡಿದೆ. ಮೂರನೆಯದಕ್ಕೆ ಕೆಳಗೆ ಬಿಡಿಸಿದರು. ನೀರು ಬಿತ್ತು. ತಾವು ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತ, ಒಂದು ಪುಕ್ಕವನ್ನೂ ಅಲುಗಿಸದೆ ನಿಂತಿರಿ. ಇಪ್ಪತ್ತಾರು ವರ್ಷಗಳ ವೃತ್ತಿಯಲ್ಲಿ ನನ್ನ ಮಾತು ಕೇಳಿದವರು ತಾವೊಬ್ಬರೇ. "ಸ್ವಾಮಿಗೆ ಬ್ಯಾಡ್ವಂತೆ, ನಮ್ಮನೇಲೇ ಇರ್ಲಿ ಬುಡಿ," ಎಂದು ಮುನಿಕೃಷ್ಣಮ್ಮ ತಮ್ಮನ್ನು ಕಂಕುಳಿಗೆ ಏರಿಸಿಕೊಂಡಾಗ ನಾನು ಕಂಬದ ಮರೆಗೆ ಹೋಗಿ ಅತ್ತದ್ದನ್ನು ರತ್ನಾ ನೋಡಿದ್ದಾಳೆ, ದಯವಿಟ್ಟು ತಾವು ನೋಡಿಲ್ಲವೆಂದುಕೊಳ್ಳಿ. ಇಂದು ಸೋಮವಾರ. ಗೋಡೆ ಬಿಟ್ಟು ನನ್ನ ಬಾಲ್ಕನಿಗೇ ಬಡ್ತಿ ಪಡೆದು ಬಂದು ಮೂರೂವರೆಗೇ ಕೂಗಿದಿರಿ, ಅಭಿನಂದನೆಗಳು. ಕೊನೆಯದಾಗಿ ಒಂದು ಗುಟ್ಟು: ನಿನ್ನೆ ಆ ತೀರ್ಥದಲ್ಲಿ ತಮಗಿಂತ ಹೆಚ್ಚು ನೆನೆದವನು ನಾನು. ರಾತ್ರಿಯಿಂದ ಮೈ ಬೆಚ್ಚಗಿದೆ, ದಿಂಬಿಗೆ ಬಾಯಿ ಒತ್ತಿಕೊಂಡು ಕೆಮ್ಮುತ್ತಿದ್ದೇನೆ. ಕೆಮ್ಮು ಬಂದಾಗಲೆಲ್ಲ ಸ್ವಲ್ಪ ಜೋರಾಗಿ ಕೂಗುತ್ತಿರಿ, ಕೆಳಗೆ ಮುನಿಕೃಷ್ಣಮ್ಮನವರಿಗೆ ಕೇಳಿಸಬಾರದು.