ಚಿಕ್ಕಮಾವನಿಗೆ ಸಿಗದ ಹಸಿರು

ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಆಂಡರ್ಸನ್‌ಪೇಟೆಯಿಂದ ಚಿಕ್ಕತ್ತೆಯ ಫೋನು.

"ಬಿರ್ನೆ ಬಾರಮ್ಮಾ! ನಿಮ್ಮಾವ ಎಲ್ಲಾ ಬಿಚ್ಚಾಕ್ತೀನಿ ಅಂತ ಕತ್ರಿ ಇಡ್ಕೊಂಡ್ ಕುಂತವ್ರೆ!"

ಗಾಬರಿಯಾಗಬೇಡಿ. ಬಿಚ್ಚುವುದು ನೇಯ್ಗೆಯನ್ನು!

ನನ್ನ ಯಜಮಾನರ ಈ ಚಿಕ್ಕಪ್ಪನಷ್ಟು ಸಜ್ಜನ ಕಳ್ಳ ಕೆಜಿಎಫ್‌ನಲ್ಲೇ ಇಲ್ಲ. ಗಣಿಯಲ್ಲಿ ದುಡಿದೂ ಗುಲಗಂಜಿ ಚಿನ್ನ ಮುಟ್ಟಿದವರಲ್ಲ. ಉಣ್ಣೆ ಕಂಡರೆ ಮಾತ್ರ ಬಿಡುವವರಲ್ಲ! ಗಣಿ ಮುಚ್ಚಿದ ಮೇಲೆ ಮಂಚವನ್ನು ಗೋಡೆಗೆ ನಿಲ್ಲಿಸಿ, ದಾರ ಬಿಗಿದು, ಕಂಡವರ ಸ್ವೆಟರ್ ಬಿಚ್ಚಿ ಅದರಲ್ಲಿ ಚಿತ್ರ ನೇಯುತ್ತಾರೆ. ಯಜಮಾನರ ಕೆಂಪು ಸ್ವೆಟರಿನ ಒಂದು ತೋಳು ಸೂರ್ಯೋದಯವಾಯಿತು. ಇನ್ನೊಂದು ಉಳಿಯಿತಲ್ಲ, ದೇವರು ದೊಡ್ಡವನು!

ದಿನಾ ಬೆಳಗ್ಗೆ ಗಣಿಮಣ್ಣಿನ ದಿಬ್ಬದೆದುರು ಕೂತು ಆಕಾಶ ನೋಡಿ ಬಂದು ನೇಯುವುದು. ಮರುದಿನದ ಆಕಾಶ ಬೇರೆಯಾಗಿದ್ದರೆ ನಿನ್ನೆಯದನ್ನು ಬಿಚ್ಚುವುದು. ಕೇಳಿದರೆ, "ಸೂರ್ಯ ಒಪ್ಲಿಲ್ಲ ಕಣಮ್ಮಾ" ಎನ್ನುತ್ತಾರೆ.

"ಊರ್ಗೆಲ್ಲಾ ಬೆಳಕಾಯ್ತು, ನನ್ ಸೊಂಟ್ಕೆ ಮಾತ್ರ ಗ್ರಹ್ಣ ಇಡ್ದೈತೆ" ಎಂದು ಚಿಕ್ಕತ್ತೆಯ ಗೊಣಗಾಟ. ಮಂಚವಿಲ್ಲದೆ ನೆಲದ ಮೇಲೆ ಮಲಗುವವರು ಅವರೇ ತಾನೆ?

ಈ ಸಲ ಸೂರ್ಯನೂ ಒಪ್ಪಿದ್ದ. ಆದರೆ ನಡುವೆ ಹುಣಸೆಬೀಜದಷ್ಟು ಜಾಗಕ್ಕೆ ಒಂದು ಹಸಿರು ಸಿಗಲೊಲ್ಲದು! ಹೊಂಗೆ ಚಿಗುರು ಹಿಡಿದು ಅಂಗಡಿ ಅಂಗಡಿ ತಿರುಗಿದರು. ಆ ಕೊಂಬೆ ಕಂಡರೆ ಸಾಕು, ಅಂಗಡಿಯವರು ಬಾಗಿಲೆಳೆಯುವಂತಾಯಿತು.

ಅವರೆಯನ್ನು ಡಬ್ಬಿಗೆ ತುಂಬಿಕೊಂಡು ಬಂಗಾರಪೇಟೆಯಲ್ಲಿ ಬಸ್ ಹತ್ತಿದೆ. ಕಿಟಕಿ ಪಕ್ಕ ಸೀಟೂ ಸಿಕ್ಕಿತು, ದೇವರ ದಯೆ! ಹೋಗಿ ನೋಡಿದರೆ ಮಾವನ ಮುಖ ಬಾಡಿತ್ತು.

"ಆ ಎಲೆ ಬಣ್ಣ ಸಿಗಲಿಲ್ವಾ ಮಾವ?"

"ಎಲೆ ಅಲ್ಲಮ್ಮಾ. ರಾತ್ರಿ ಪಾಳಿ ಮುಗ್ಸಿ ಮೇಲಕ್ ಬಂದ್ರೆ, ಆ ಕತ್ಲಿಂದ ಬಂದ ಕಣ್ಗೆ ಮೊದ್ಲು ಬೀಳ್ತಿದ್ದಿದ್ದು ಗೇಟ್ ತಾವ ಕಾಯ್ತಿದ್ದ ನಿಮ್ಮತ್ತೆ ಸ್ವೆಟ್ರು. ಹೊಂಗೆ ಚಿಗುರು ಅದೇ ಬಣ್ಣ ಕಣಮ್ಮಾ."

"ಅದು ಟ್ರಂಕಿನಲ್ಲೇ ಇದೆಯಲ್ಲ! ಊರವರದೆಲ್ಲಾ ಬಿಚ್ಚಿದವರು ಅದೊಂದನ್ನು ಯಾಕೆ ಬಿಟ್ಟಿರಿ?" ಅತ್ತೆಯ ಬಾಯಿಗೆ ಹೆದರಿ ಬಿಟ್ಟಿದ್ದಾರೆ ಎಂದೇ ನಾನು ಇಷ್ಟು ದಿನ ನಂಬಿದ್ದೆ.

"ಅದನ್ನ ಎಂಗಮ್ಮಾ ಬಿಚ್ಚಾದು?"

ಚಿಕ್ಕತ್ತೆ ತಾವೇ ಎದ್ದು ಬಂದರು. ಟ್ರಂಕ್ ತೆರೆದು, ಸ್ವೆಟರಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಬಿಟ್ಟುಕೊಂಡ ಎಳೆಯ ತುದಿಯನ್ನು ಮಾವನ ಕೈಗಿಟ್ಟರು. ಅವರು ಗೇಣುದ್ದ ಎಳೆದು ನಿಲ್ಲಿಸಿದರು.

"ಸಾಕು. ಚಳಿ ಐತೆ, ಮಿಕ್ಕಿದ್ದ ಆಕ್ಕೊ."

ಚಿಕ್ಕತ್ತೆ ಹಾಕಿಕೊಂಡರು. ಮಾವ ನೇಯತೊಡಗಿದರು.

"ಇನ್ನು ಮಂಚ ಇಳಿಸೋಣವಾ ಅತ್ತೆ?"

"ಇರ್ಲಿ ಬಿಡು. ನೆಲ ತಣ್ಣಗೈತೆ" ಎಂದರು, ಆ ಚಳಿಯಲ್ಲಿ!

ನಾನು ಡಬ್ಬಿ ತೆರೆದು ಉಳಿದ ಅವರೆ ಹಿತುಕತೊಡಗಿದೆ.