ಮನೆಯ ಯಂತ್ರ, ಹೊರಗಿನ ಯಂತ್ರ ಮತ್ತು ಭೀಮಶಾ ಅವರ ಬಿಡುಗಡೆ

ಕಾಳು ಮಾರುಕಟ್ಟೆ ಉಪ ನಿರ್ದೇಶಕರ ಕಚೇರಿ, ಜಹೀರಾಬಾದ್
(ನಾರಾಯಣಖೇಡ್ ಮತ್ತು ತಾಂಡೂರು ಶಾಖೆಗಳು ಸೇರಿದಂತೆ)

ಸಂಖ್ಯೆ: ಕಾಳು/ಗಡಿ/ಒಳ-ಹೊರ/ಮರುಪರಿಶೀಲನೆ
ದಿನಾಂಕ: ಗಡಿಯಾರ ಇತ್ಯರ್ಥವಾದ ನಂತರ ನಮೂದಿಸಲಾಗುವುದು

ಸುತ್ತೋಲೆ

ವಿಷಯ: ವಯೋನಿವೃತ್ತಿ ಹೊಂದಿಯೂ ಬಿಡುಗಡೆ ಹೊಂದದ ಗಂಟೆ ಜವಾನ ಶ್ರೀ ಭೀಮಶಾ ಅವರಿಗೆ ನೀಡಬೇಕಾದ ಆರಂಭಿಕ ದರ್ಜೆಯ ಐಷಾರಾಮಿ ಕೀಲಿ ಕೈಗಡಿಯಾರದ ಒಳಯಂತ್ರವು ಕಂಪನಿಯ ಸ್ವಂತದ್ದೋ, ಹೊರಗಿನಿಂದ ತಂದದ್ದೋ, ಮತ್ತು ಅದರಿಂದ ಯಾರಿಗೇನು ಎಂಬ ಬಗ್ಗೆ.

ಉಲ್ಲೇಖ: 1) ಈ ಕಚೇರಿಯ ತೆಲುಗು ಸುತ್ತೋಲೆ (ಓದಲು ಬಾರದೆಂದು ನಾರಾಯಣಖೇಡ್ ಶಾಖೆ ತೆಲುಗಿನಲ್ಲಿಯೇ ಉತ್ತರಿಸಿದೆ).
2) ಅದರ ಉರ್ದು ಪ್ರತಿ (ಕಡತದ ಯಾವ ತುದಿಯಿಂದ ಹುಡುಕಬೇಕೆಂದು ತಾಂಡೂರು ಶಾಖೆ ಸ್ಪಷ್ಟೀಕರಣ ಕೋರಿದೆ).
3) ಭೀಮಶಾ ಅವರ ಪತ್ನಿ ಶ್ರೀಮತಿ ಮೋನಮ್ಮ ಅವರ ಮನವಿ (ಮೌಖಿಕ, ಬಾಗಿಲಲ್ಲಿ ನಿಂತು, ಏರುದನಿಯಲ್ಲಿ).

ಮೇಲ್ಕಂಡ ಕಾರಣಗಳಿಂದ ನೆಪಗಳಿಗೆ ಆಸ್ಪದವಿಲ್ಲದಂತೆ ಕನ್ನಡದಲ್ಲಿ ಈ ಮೂಲಕ ತಿಳಿಸುವುದೇನೆಂದರೆ:

1. ನಾರಾಯಣಖೇಡ್ ಕಾಳು ಮಾರುಕಟ್ಟೆಯಲ್ಲಿ ಹರಾಜಿನ ಗಂಟೆ ಬಾರಿಸುತ್ತಿದ್ದ ಭೀಮಶಾ ಅವರಿಗೆ ಮೂರೂ ಕಚೇರಿಗಳ ಸಿಬ್ಬಂದಿ ಕೂಡಿ ವಿದೇಶಿ ಗಡಿಯಾರವೊಂದನ್ನು ತಂದಿರುತ್ತಾರೆ. ನಿಯಮದಂತೆ ಮೊದಲು ಹಾರ, ಆಮೇಲೆ ಶಾಲು, ಆಮೇಲೆ ಕಾಣಿಕೆ, ಕೊನೆಗೆ ಬಿಡುಗಡೆ ಆದೇಶ. ಕಾಣಿಕೆಯ ಮೇಲೆ ಆಕ್ಷೇಪಣೆ ಬಂದಿರುವುದರಿಂದ ಸದರಿಯವರು ನಿವೃತ್ತರಾಗಿಯೂ ದಿನಾಲೂ ಕೆಲಸಕ್ಕೆ ಬರುತ್ತಿದ್ದಾರೆ. ಸೇವೆಯ ಅಂತ್ಯದಲ್ಲಿರುವವರಿಗೆ ಆರಂಭಿಕ ದರ್ಜೆಯದನ್ನು, ಅಂದರೆ ಐಷಾರಾಮಿಗಳಲ್ಲಿ ಅಗ್ಗದ್ದನ್ನು, ಕೊಡುವುದು ಸರಿಯೇ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಕೈಬಿಡಲಾಗಿದೆ.

2. ಆಕ್ಷೇಪಣೆ ಎತ್ತಿದವರು ಲೆಕ್ಕ ಸಹಾಯಕ ಶ್ರೀ ಕ್ರಾಂತಿಕುಮಾರ. ಮುಖದ ಮೇಲೆ ಒಂದು ಕಂಪನಿಯ ಹೆಸರು ಬರೆದುಕೊಂಡು ಹೊಟ್ಟೆಯೊಳಗೆ ಇನ್ನೊಂದು ಕಾರ್ಖಾನೆಯ ಯಂತ್ರ ಇಟ್ಟುಕೊಂಡ ಗಡಿಯಾರವು ಮನೆ ಅಳಿಯನಿದ್ದಂತೆ, ಅಂಥದ್ದಕ್ಕೆ ಐಷಾರಾಮಿ ಎನ್ನಲಾಗದು ಎಂಬುದು ಅವರ ವಾದ. ಕ್ರಾಂತಿಕುಮಾರ ಅವರು ಸ್ವತಃ ಮಾವನ ಮನೆಯಲ್ಲಿದ್ದಾರೆಂಬ ಸಂಗತಿಯನ್ನು ಯಾರೂ ಪ್ರಸ್ತಾಪಿಸಕೂಡದು. ಈಗಾಗಲೇ ಪ್ರಸ್ತಾಪಿಸಿದವರು ವಿವರಣೆ ನೀಡತಕ್ಕದ್ದು.

3. ಇದಕ್ಕೆ ಪ್ರತಿಯಾಗಿ ನಾರಾಯಣಖೇಡ್ ಶಾಖೆಯು, ತೊಗರಿ ನಮ್ಮದು, ಒಡೆದು ಬೇಳೆ ಮಾಡುವುದು ತಾಂಡೂರಿನ ಗಿರಣಿ, ಚೀಲದ ಮೇಲಿನ ಹೆಸರು ಮೂರನೆಯವರದ್ದು, ಆದರೂ ಸಾರು ಕುದಿಯುತ್ತಿದೆ ಎಂದು ಬರೆದಿದೆ. ಪತ್ರವನ್ನು ಊಟದ ವಿರಾಮದಲ್ಲಿ ಬರೆದಿರುವುದರಿಂದ ಇದನ್ನು ಪುರಾವೆಯೆಂದು ಪರಿಗಣಿಸಲಾಗಿಲ್ಲ.

4. ಜಹೀರಾಬಾದಿನ ಗಡಿಯಾರ ರಿಪೇರಿಗಾರ ಶ್ರೀ ವಿಠೋಬಾ ಅವರ ಹೇಳಿಕೆ ಹೀಗಿದೆ: "ಹೊರಗಿನ ಮಶೀನ್ ಇದ್ರ ಛಲೋರಿ, ಕೆಟ್ರ ನಾನೇ ಬಿಚ್ಚಿ ಹಾಕ್ತೀನಿ. ಕಂಪನಿ ಮನೀದೇ ಇದ್ರ ದರಿಯಾ ದಾಟಿಸಿ ಪರದೇಶಕ್ಕ ಕಳಸಬೇಕು. ಘಡಿ ಹೋಗ್ತದ, ಟೈಮ್ ಇಲ್ಲೇ ಉಳೀತದ." ಹೇಳಿಕೆ ಸಮಂಜಸವಾಗಿದೆ. ಆದರೆ ಅದನ್ನು ನೀಡುವಾಗಲೇ ಅವರು ಗಡಿಯಾರ ಬಿಚ್ಚಲು ಕೈಹಾಕಿದ್ದರಿಂದ ಹಿತಾಸಕ್ತಿ ಸಾಬೀತಾಗಿದೆ.

5. ಆದ್ದರಿಂದ ಒಳಯಂತ್ರವು ಶಾಲೆಗೆ ಹೋಗುವ ವಯಸ್ಸಿನಿಂದಲೂ ಅದೇ ಕಂಪನಿಯಲ್ಲಿ ವಾಸವಿದ್ದ ಬಗ್ಗೆ ಸ್ಥಳೀಯತಾ ಪ್ರಮಾಣಪತ್ರ ಪಡೆಯಲು ಸೂಚಿಸಲಾಗಿತ್ತು. ಒಳಯಂತ್ರವು ಖುದ್ದು ಹಾಜರಾಗಬೇಕೆಂದು ತಹಶೀಲ್ದಾರ್ ಕಚೇರಿಯ ಕೌಂಟರಿನಲ್ಲಿ ತಿಳಿಸಿದ್ದಾರೆ. ಇದೇ ಸಂದರ್ಭದಲ್ಲಿ, ತಲೆಮಾರುಗಳಿಂದ ತೆಲಂಗಾಣದ ಈ ಗಡಿಯಲ್ಲಿಯೇ ಇದ್ದು ಕನ್ನಡ ಮಾತಾಡುವ ನಮ್ಮ ಸಿಬ್ಬಂದಿ ಮನೆಯವರೋ ಹೊರಗಿನವರೋ ಎಂದು ಕೆಲವರು ಕೇಳಿದ್ದಾರೆ. ಅದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

6. ತಾಂಡೂರು ಶಾಖೆಯ ಭಾಷಾಂತರ ಸಹಾಯಕಿ ಶ್ರೀಮತಿ ಪ್ರೇಮಲಾ ಅವರು 'ಇನ್‌ಹೌಸ್ ಮೂವ್‌ಮೆಂಟ್' (ಕಂಪನಿಯ ಸ್ವಂತ ಒಳಯಂತ್ರ) ಎಂಬುದನ್ನು 'ಮನೆಯೊಳಗಿನ ಓಡಾಟ' ಎಂದು ಕನ್ನಡಿಸಿದ್ದು, ಅದರಂತೆ ತನಿಖಾ ತಂಡವೊಂದು ಝರಾಸಂಗಂ ಬಸ್ಸು ಹಿಡಿದು ಭೀಮಶಾ ಅವರ ಮನೆಗೇ ತೆರಳಿದೆ. ತಂಡದ ವರದಿ: ಮನೆಯೊಳಗೆ ಓಡಾಟ ಇದೆ. ಹೆಚ್ಚಿನದು ಮೋನಮ್ಮ ಅವರದ್ದು, ಅಡುಗೆಮನೆಯಿಂದ ಕುರಿಹಟ್ಟಿಗೆ, ಹಟ್ಟಿಯಿಂದ ಅಡುಗೆಮನೆಗೆ. ಉಳಿದದ್ದು ಒಂದು ಟಗರಿನದ್ದು. ಭೀಮಶಾ ಅವರ ಓಡಾಟ ಎಲ್ಲಿಯೂ ಕಂಡುಬಂದಿಲ್ಲ.

7. ಸುರಕ್ಷತೆಯ ದೃಷ್ಟಿಯಿಂದ ತಂಡವು ಜೊತೆಗೆ ಕೊಂಡೊಯ್ದಿದ್ದ ಬೀಳ್ಕೊಡುಗೆ ಹಾರವನ್ನು ಸದರಿ ಟಗರು ತಿಂದಿದೆ. ಟಗರಿಗೆ ಹಾರ ಸಂದಿರುವುದರಿಂದ ಅದನ್ನೇ ನಿವೃತ್ತಗೊಳಿಸಬಹುದೇ ಎಂದು ತಂಡ ಕೇಳಿದೆ. ಹಾಗೆ ಮಾಡಲು ಬರುವುದಿಲ್ಲ.

8. ಸ್ಥಳದಲ್ಲಿ ಮೋನಮ್ಮ ಅವರ ಹೇಳಿಕೆಯನ್ನು ದಾಖಲಿಸಲಾಗಿದೆ: "ಮಶೀನ್ ಯಾರ್ ಮನೀದರ ಇರ್ಲಿರಿ, ನಮಗೇನು ಆಗ್ಬೇಕಾಗ್ಯಾದ? ನಮ್ ಮನುಷ್ಯಾ ನಮ್ ಮನ್ಯಾಗಿಲ್ಲ. ಕುರಿ ಕಾಯಾಕ ನನಗೊಬ್ಬಾಕಿಗೆ ಆಗವಲ್ದು. ಈಟೆಲ್ಲಾ ಖಾಲಿಪೀಲಿ ಮಾಡಾಕ ಸರ್ಕಾರ ಪಗಾರ ಕೊಡ್ತದೇನ್ರಿ?" ಕೊನೆಯ ವಾಕ್ಯಕ್ಕೆ ಉತ್ತರ ಪರಿಶೀಲನೆಯಲ್ಲಿದೆ.

9. ಪರಿಶೀಲನಾ ಅವಧಿಯಲ್ಲಿ ಗಡಿಯಾರಕ್ಕೆ ಕೀಲಿ ಕೊಡುವ ಅಧಿಕಾರವನ್ನು ಯಾರಿಗೂ ವಹಿಸದ ಕಾರಣ ಅದು ನಿಂತುಹೋಗಿದೆ. ನಿಂತ ಗಡಿಯಾರದ ಒಳಯಂತ್ರ ಮನೆಯದೇ ಆಗಲಿ, ಹೊರಗಿನದೇ ಆಗಲಿ, ಒಂದೇ ರೀತಿ ನಿಂತಿರುತ್ತದೆ ಎಂಬುದನ್ನು ಇಲಾಖೆ ಗಮನಿಸಿದೆ.

10. ಈ ಹಂತದಲ್ಲಿ ಭೀಮಶಾ ಅವರನ್ನು ಕರೆಸಿ, ಯಾವ ಯಂತ್ರ ಬೇಕೆಂದು ಕೇಳಲಾಯಿತು. ಅವರು ಟೋಪಿ ತೆಗೆದು ಹೇಳಿದ್ದು: "ನನಗ ಘಡಿ ಬ್ಯಾಡ್ರಿ ಸಾಹೇಬ್ರ. ಕೂದಲ ಬೆಳ್ಳಗಾಗೂತನಕ ಗಂಟಿ ಬಾರಿಸಿ ಎಲ್ಲಾರ್ನೂ ಮನಿಗೆ ಕಳಿಸೀನಿ. ನನಗ ಹೋಗು ಅಂತ ಗಂಟಿ ಬಾರ್ಸೋರು ಯಾರರ ಅದಾರೇನ್ರಿ?" ಅಂಥ ಹುದ್ದೆ ಮಂಜೂರಾಗಿಲ್ಲ. ಇಲಾಖೆಗೆ ನಾಚಿಕೆಯಾಗಿದೆ. ನಾಚಿಕೆಯನ್ನು ಪ್ರತ್ಯೇಕ ಕಡತದಲ್ಲಿ ಇಡತಕ್ಕದ್ದು.

11. ಆದ ಪ್ರಯುಕ್ತ, ಒಳಯಂತ್ರದ ಮೂಲವು ಬಿಡುಗಡೆಗೆ ಅಡ್ಡಿಯಲ್ಲವೆಂದು ತೀರ್ಮಾನಿಸಿ ಭೀಮಶಾ ಅವರನ್ನು ಈ ಕೂಡಲೇ ಬಿಡುಗಡೆಗೊಳಿಸಲಾಗಿದೆ. ಅವರು ಗೇಟು ದಾಟುವಾಗ ಗಂಟೆಯನ್ನು ಕೆಳಗೆ ಸಹಿ ಮಾಡಿದವರೇ ಖುದ್ದಾಗಿ, ಯಾವ ಗಡಿಯಾರವನ್ನೂ ನೋಡದೆ, ಬಾರಿಸತಕ್ಕದ್ದು. ಇದನ್ನು ಹರಾಜಿನ ಗಂಟೆಯೆಂದು ಭಾವಿಸಿ ಯಾರೂ ಭೀಮಶಾ ಅವರ ಮೇಲೆ ಬೆಲೆ ಕೂಗಕೂಡದು.

12. ಗಡಿಯಾರವು ಏಕೆ ನಿಂತಿತೆಂದು ತಿಳಿಯುವವರೆಗೆ ಇಲಾಖೆಯ ವಶದಲ್ಲಿ, ಅಂದರೆ ಕೆಳಗೆ ಸಹಿ ಮಾಡಿದವರ ಎಡಗೈ ಮಣಿಕಟ್ಟಿನಲ್ಲಿ, ಮುಂದುವರಿಯಲಿದೆ.

ಸಹಿ/-
(ಆತ್ಮಾರಾಮ)
ಉಪ ನಿರ್ದೇಶಕರು
(ಗಂಟೆಯ ಹೆಚ್ಚುವರಿ ಪ್ರಭಾರ)

ಪ್ರತಿಗಳು:
1. ನಾರಾಯಣಖೇಡ್ ಶಾಖೆ: ಗಂಟೆಯ ಹಗ್ಗ ಕೊಂಚ ಇಳಿಸಲು. ಉಪ ನಿರ್ದೇಶಕರು ಗಿಡ್ಡಗಿದ್ದಾರೆ.
2. ತಾಂಡೂರು ಶಾಖೆ, ಶ್ರೀಮತಿ ಪ್ರೇಮಲಾ ಅವರಿಗೆ: ಭಾಷಾಂತರವನ್ನು ಸರಿಯೆಂದು ಅಂಗೀಕರಿಸಲಾಗಿದೆ.
3. ಶ್ರೀ ಕ್ರಾಂತಿಕುಮಾರ: ಮಾವನ ಮನೆಯ ವಿಳಾಸಕ್ಕೆ.
4. ಶ್ರೀ ವಿಠೋಬಾ: ಕೈ ದೂರವಿಡಲು.
5. ಟಗರು: ಪ್ರತಿ ಕಳುಹಿಸಿಲ್ಲ, ತಿನ್ನುವ ಸಂಭವವಿದೆ.
6. ಶ್ರೀ ಭೀಮಶಾ: ಗಡಿಯಾರದ ಜೆರಾಕ್ಸ್ ಪ್ರತಿಯೊಂದಿಗೆ.
7. ಶ್ರೀಮತಿ ಮೋನಮ್ಮ, ಝರಾಸಂಗಂ: ಭೀಮಶಾ ಅವರ ಮೂಲಪ್ರತಿ ಲಗತ್ತಿಸಿದೆ. ತಲುಪಿದ ಬಗ್ಗೆ ತಿಳಿಸುವ ಅಗತ್ಯವಿಲ್ಲ.