ಒಳಗ ಅದಾರ, ಸಾವಕಾಶ ಬರ್ರಿ

ನಮ್ಮ ಕಾಕಾನಿಗೆ ಬದುಕಿದವರಿಗಿಂತ ಸತ್ತವರ ಒಡನಾಟವೇ ಜಾಸ್ತಿ! ಹೀಗಂದರೆ ನೀವು ನಗುತ್ತೀರಿ. ನಗಿರಿ, ನಗಿರಿ. ಅವನ ಬಸ್ಸಿನಲ್ಲಿ ಒಂದು ದಿನ ಕೂತು ಬಂದ ಮೇಲೂ ನಗು ಉಳಿದಿದ್ದರೆ ನನಗೆ ತಿಳಿಸಿರಿ.

ಆಲಮಟ್ಟಿಯ ಕಾಲುವೆ ಕಚೇರಿಯಿಂದ ನಿವೃತ್ತನಾದವನು ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡಿರಬೇಕೋ ಬೇಡವೋ? ಇಲ್ಲ! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ತಿರುಗಿ ತಿರುಗಿ, ತೀರಿಕೊಂಡ ಕವಿಗಳ, ಕಲಾವಿದರ ಹಳ್ಳಿಮನೆಗಳನ್ನೂ ತೋಟಗಳನ್ನೂ ಹುಡುಕಿದ. ಈಗ ತಿಂಗಳಿಗೊಂದು ಭಾನುವಾರ ಸಣ್ಣ ಬಸ್ಸು ಗೊತ್ತುಮಾಡಿ ಮಂದಿಗೆ ಅವನ್ನೆಲ್ಲ ತೋರಿಸುತ್ತಾನೆ. ಅಲ್ಲಿಯವರೆಗೆ ಸರಿ. ಆದರೆ ಈ ಮಹಾರಾಯ ಸತ್ತವರನ್ನು "ಇದ್ದರು" ಅನ್ನುವುದಿಲ್ಲ. "ಅದಾರ", ಅಂದರೆ ಇನ್ನೂ ಇದ್ದಾರೆ, ಅನ್ನುತ್ತಾನೆ!

ಮನೆಯಲ್ಲೂ ಅಷ್ಟೇ. "ಇಂಡಿ ಕವಿಗಳು ಸಿಟ್ಟಿಗೆದ್ದಾರ", "ಸಿಂದಗಿಯವರಿಗೆ ನೆಗಡಿ ಆಗೇತಿ" ಅನ್ನುತ್ತ ಓಡಾಡುತ್ತಿದ್ದ. ಅವನ ಹೆಂಡತಿ, ನಮ್ಮ ಕಾಕು, ಕಂಗಾಲಾಗಿ ನನಗೆ ಫೋನು ಮಾಡಿದಳು. "ನಿಮ್ಮ ಕಾಕಾಗ ಗಾಳಿ ಬಡದೈತಿ ನೋಡವ್ವಾ. ನೀ ಒಮ್ಮೆ ಜೋಡಿ ಹೋಗಿ ನೋಡಿ ಬಾ. ಖರೇನ ಬಡದಿದ್ರ ಈ ಬಸ್ಸಿನ ಉಸಾಬರಿ ಇವತ್ತಿಗೆ ಬಂದ್. ನಾಳೆ ಡಾಕ್ಟರ ಕಡೆ ಎಳಕೊಂಡು ಹೊಕ್ಕೇನಿ."

ಹೀಗೆ ಗೂಢಚಾರಿಣಿಯಾಗಿ ಬಸ್ಸು ಹತ್ತಿದೆ. ಪಾಪ, ಅವನಿಗೇನು ಗೊತ್ತು! "ಬಾ ಹುಡುಗಿ" ಎಂದು ಕಿಟಕಿ ಪಕ್ಕದ ಸೀಟು ಕೊಟ್ಟ. ಐವತ್ತು ದಾಟಿದವಳು ನಾನು, ಅವನಿಗೆ ಹುಡುಗಿ.

ಇಂಡಿಯ ಹತ್ತಿರದ ಲಿಂಬೆತೋಟ ಮೊದಲು. ನಡುಮಧ್ಯಾಹ್ನ, ಒಂದು ಎಲೆಯೂ ಅಲುಗದ ಬಿಸಿಲು. ತೋಟದ ನಡುವೆ ಕವಿಗಳ ಮಣ್ಣಿನ ಮನೆ. ಕಾಕಾ ಬೀಗ ತೆಗೆದವನು ಒಳಗೆ ಹೋಗದೆ ಹೊಸ್ತಿಲಲ್ಲಿ ಕೈಮುಗಿದು ನಿಂತ. ನಮ್ಮ ಜೊತೆಗಿದ್ದ ಬ್ಯಾಂಕಿನ ಸಾಹೇಬರೊಬ್ಬರು ಕೇಳಿದರು.

"ಒಳಗ ಯಾರರೆ ಅದಾರೇನ್ರಿ?"

"ಅದಾರಲ್ರಿ, ಕವಿಗಳು. ಊಟ ಆದಮ್ಯಾಲ ಒಂದೀಟು ಅಡ್ಡಾಗ್ತಾರ. ಸಾವಕಾಶ ಬರ್ರಿ."

ಒಳಗೆ ಕವಿಗಳ ಮಂಚ, ನುಲಿಯ ಹೊರಸು. ನಾವು ನೋಡುತ್ತಿದ್ದ ಹಾಗೆ ತಗ್ಗಿದ್ದ ಅದರ ನಡು, ಯಾರೋ ಈಗಷ್ಟೇ ಎದ್ದರೇನೋ ಅನ್ನುವಂತೆ, ಕಿರ್ ಎನ್ನುತ್ತ ಮೆಲ್ಲಗೆ ಮೇಲೆ ಬಂತು. ಸಾಹೇಬರ ಮುಖ ಬಿಳಿಚಿತು. "ನಾ ಬಸ್ಸಿನ್ಯಾಗ ಕುಂಡರತೇನ್ರಿ" ಎಂದರು.

"ಕುಂಡರ್ರಿ," ಅಂದ ಕಾಕಾ. "ಆದ್ರ ಒಬ್ಬರ ಹೋಗಬ್ಯಾಡ್ರಿ. ಅವರೂ ಈಗ ಬಸ್ ನೋಡಾಕಂತ ಹೊರಗ ಹ್ವಾದ್ರು."

ಆಮೇಲೆ ಆ ಮನುಷ್ಯ ನನ್ನ ಸೆರಗಿನ ಸನಿಹ ಬಿಟ್ಟು ಸರಿಯಲೇ ಇಲ್ಲ!

ಸಿಂದಗಿಯಲ್ಲಿ ನಾಟಕಕಾರರ ಮನೆ. ತೊಗರಿ ಹೊಲದ ಅಂಚಿಗೆ ಎರಡು ಖೋಲಿ, ಮೂಲೆಯಲ್ಲಿ ಬಟ್ಟೆ ಹೊದಿಸಿದ ಹಾರ್ಮೋನಿಯಂ. ನಾವು ಕೂತೊಡನೆ ಬಟ್ಟೆಯ ಒಳಗಿಂದ ಒಂದೇ ಒಂದು ಸ್ವರ, ಉದ್ದಕ್ಕೆ, ಉಸಿರು ಬಿಟ್ಟಂತೆ ಹೊರಟಿತು. ನನ್ನ ಕೈಯ ರೋಮಗಳೆಲ್ಲ ನಿಮಿರಿದವು. ಆದರೂ ಓದಿದವಳಲ್ಲವೇ? ಧೈರ್ಯ ತೋರಿಸಬೇಕಲ್ಲ!

"ಇಲಿ ಇರಬೇಕು ಕಾಕಾ" ಎಂದೆ.

"ಇಲಿ ಅಲ್ಲ ಹುಡುಗಿ. ಇಲಿ ಆದ್ರ ಶ್ರುತಿ ತಪ್ತೈತಿ."

ಮುದ್ದೇಬಿಹಾಳದ ಹೊರಗೆ ನಾಟಕದ ಪರದೆ ಬರೆಯುತ್ತಿದ್ದ ಚಿತ್ರಕಾರರ ಮನೆ. ಹಿತ್ತಲ ಬಾವಿಗೆ ನೀರು ಬೀಳಲಿಲ್ಲವಂತೆ. ತೋಟ ಬೇಕೇ ಬೇಕು ಅಂತ ಹಟ ತೊಟ್ಟು ಹಿತ್ತಲ ಗೋಡೆಯ ಮೇಲೇ ತೋಟ ಬರೆದುಬಿಟ್ಟಿದ್ದಾರೆ. ಮಲ್ಲಿಗೆ ಬಳ್ಳಿ, ನವಿಲು, ದೂರಕ್ಕೆ ಸಾಗುವ ಹಾದಿ. ಹಾದಿಯಲ್ಲಿ ಬೆನ್ನು ತಿರುಗಿಸಿ ನಡೆದಿರುವ ಒಬ್ಬ ಮುದುಕ. "ಮಲ್ಲಿಗಿ ವಾಸನಿ ಬರಾಕತ್ತೈತ್ರಿ!" ಎಂದರು ಸಾಹೇಬರು. ನಾವೂ ಮೂಗು ಏರಿಸಿದೆವು. ಬಂತು! ದೇವರಾಣೆ ಬಂತು.

ಕಾಕಾ ಮಾತ್ರ ಗೋಡೆಯ ಮುದುಕನನ್ನೇ ನೋಡುತ್ತಿದ್ದ. "ಹ್ವಾದ ತಿಂಗಳ ಇಲ್ಲೇ ಈಚೆ ನಿಂತಿದ್ರು. ಭಾಳ ಮುಂದ ಹ್ವಾದ್ರಲ್ಲ!"

ನಾನು ಮನಸ್ಸಿನಲ್ಲೇ ತೀರ್ಪು ಬರೆದೆ. ಗಾಳಿ ಬಡಿದಿದೆ. ಇವನಿಗಷ್ಟೇ ಅಲ್ಲ, ಇವನ ಬಸ್ಸು ಹತ್ತಿದ ನಮಗೂ ಬಡಿದಿದೆ. ನಾಳೆಯೇ ಡಾಕ್ಟರು.

ಬಸವನ ಬಾಗೇವಾಡಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಕಾಕಾ ಎದ್ದು ನಿಂತು, "ಇಲ್ಲಿ ಒಬ್ಬ ಕತೆಗಾರ್ತಿ ಇದ್ದರು" ಎಂದ. ಇದ್ದರು! ಆ ದಿನವೆಲ್ಲ ಅವನ ಬಾಯಿಂದ ಬಾರದ ಮಾತು. ಸಾಹೇಬರು "ಸದ್ಯ, ಇವರೊಬ್ಬರಾದ್ರೂ ಖರೇನ ಹೋಗ್ಯಾರ" ಎಂದು ನಿಟ್ಟುಸಿರುಬಿಟ್ಟರು.

ಊರಂಚಿನ ಮನೆ. ಅಂಗಳದಲ್ಲಿ ದಾಳಿಂಬೆ, ಅಬ್ಬಲಿಗೆ. ಪಡಸಾಲೆಯ ಗೋಡೆಗೆ ಕತೆಗಾರ್ತಿಯ ಫೋಟೋ. ಧೈರ್ಯ ಮರಳಿ ಬಂದಿದ್ದ ಸಾಹೇಬರು ದಾರಿಯಲ್ಲಿ ಕೊಂಡಿದ್ದ ಹೂಮಾಲೆಯನ್ನು ಭಕ್ತಿಯಿಂದ ಅದಕ್ಕೆ ಹಾಕಿ, ಊದಿನಕಡ್ಡಿ ಹಚ್ಚಿ, ಕಣ್ಣು ಮುಚ್ಚಿದರು.

ಹಿಂದಿನಿಂದ ಒಂದು ತೆಳು ದನಿ ಬಂತು. "ಚೂರು ಬಲಕ್ಕ ಸರಸ್ರಿ. ಮಾರಿ ಮುಚ್ಚೈತಿ."

ತಿರುಗಿದೆವು. ತಲೆಯ ಮೇಲೆ ಸೆರಗು, ಕೈಯಲ್ಲಿ ನೀರಿನ ಚೆಂಬು, ಫೋಟೋದಲ್ಲಿದ್ದ ಅದೇ ಮುಖ! ಸಾಹೇಬರು ನಿಂತಲ್ಲೇ ಕುಸಿದು ಕೂತರು.

ಕಾಕಾ ಓಡಿಹೋಗಿ ಆಕೆಯ ಕಾಲು ಮುಟ್ಟಿದ. "ಅಕ್ಕೋರ, ಮಂದಿ ಕರಕೊಂಡು ಬಂದೇನ್ರಿ."

"ಹೆದರಬ್ಯಾಡ್ರಿ, ನಾ ಇನ್ನೂ ಅದೇನಿ," ಆಕೆ ನಕ್ಕರು. "ಈ ಸಲಾನೂ ಸತ್ತೇನಿ ಅಂತ ಹೇಳಿ ಕರಕೊಂಡು ಬಂದ್ಯೇನೋ? ಇರಲಿ ಬಿಡು. ಮಂದಿ ಬಂದ್ರಲ್ಲ."

ಶಾಲೆಯಲ್ಲಿ ಕಾಕಾನಿಗೆ ಕನ್ನಡ ಕಲಿಸಿದ ಟೀಚರಂತೆ ಈ ಮುಸ್ಲಿಂ ಅಕ್ಕೋರು. ಕತೆ ಬರೆಯುವುದು ಇಂದಿಗೂ ನಿಂತಿಲ್ಲ. ಸೊಸೆ ಚಹ ಕೊಟ್ಟು ಹೋದ ಮೇಲೆ ಅವರೇ ಸುದ್ದಿ ಹೇಳಿದರು.

"ಒಂದ್ ಸಲ ಯಾವುದೋ ಸಾಹಿತ್ಯದ ಸಭಾಕ್ಕ ಹೋಗಿದ್ದೆ. ಹಿಂದ ಕುಂತಿದ್ದೆ. ಅಗಲಿದವರಿಗೆ ಶ್ರದ್ಧಾಂಜಲಿ ಅಂತ ಹೆಸರು ಓದಿದರು. ನನ್ನ ಹೆಸರೂ ಓದಿದರು! ಎಲ್ಲಾರೂ ಎದ್ದು ನಿಂತ್ರು. ಮಂದಿ ನಿಂತಾಗ ನಾ ಒಬ್ಬಾಕಿ ಕುಂತ್ರ ಹೆಂಗ? ನಾನೂ ಎದ್ದು ನಿಂತೆ."

ನಾವೆಲ್ಲ ಗೊಳ್ಳನೆ ನಕ್ಕೆವು. ಕಾಕಾ ಮಾತ್ರ ನಗಲಿಲ್ಲ.

"ಅವತ್ತು ನಾ ಇವರ ಬಾಜೂಕ ನಿಂತಿದ್ದೆ," ಕಾಕಾ ನನಗಷ್ಟೇ ಕೇಳುವಂತೆ ಹೇಳಿದ. "ನಮ್ಮ ಅಕ್ಕೋರ ಮನಿಗೆ ಬರ್ರಿ, ಕತಿ ಕೇಳ್ರಿ ಅಂತ ಕಂಡಕಂಡವರನ್ನ ಕರದೆ. ಒಬ್ಬರೂ ಬರಲಿಲ್ಲ. ಸತ್ತವರ ಮನಿ ತೋರಸ್ತೇನಿ ಅಂದೆ, ಬಸ್ ತುಂಬಿತು."

"ಹಂಗಾದ್ರ ಆ ಹೊರಸು? ಹಾರ್ಮೋನಿಯಂ? ಎಲ್ಲಾ ನಿನ್ನ ಆಟ?"

ಕಾಕಾ ಗಾಬರಿಯಾಗಿ ನನ್ನನ್ನು ನೋಡಿದ. "ಏ, ಅವು ನನ್ನವಲ್ಲ."

ಅಕ್ಕೋರು ಹೊಸ ಕತೆ ಓದತೊಡಗಿದರು. ಓದುತ್ತ ಓದುತ್ತ ಅವರ ದನಿ ಗಟ್ಟಿಯಾಯಿತು. ಸಾಹೇಬರು ಚಹ ಕುಡಿಯುವುದನ್ನೂ ಮರೆತರು. ನಡುವೆ ಕಾಕುವಿನ ಫೋನು. "ಏನಾತು? ತಲಿ ನೆಟ್ಟಗ ಐತಿಲ್ಲೋ?" ಅಂತ ಕೇಳಿದಳು. "ಐತಿ ಕಾಕು, ಬಸ್ಸು ನಿಂದ್ರಸಬ್ಯಾಡ" ಎಂದು ಪಿಸುಗುಟ್ಟಿ ಫೋನು ಇಟ್ಟೆ.

ಹೊರಡುವಾಗ ಅಕ್ಕೋರು ಕಾಕಾನ ಕೈ ಹಿಡಿದುಕೊಂಡರು. "ನೀ ಮುಂದಿನ ಸಲ ಬರೂದ್ರಾಗ ನಾ ಖರೇನ ಹೋಗಿಬಿಟ್ರ?"

"ಹೋದ್ರ ನಾಕು ಬಸ್ ತುಂಬತಾವ್ರಿ, ಅಕ್ಕೋರ," ಅಂದ ಕಾಕಾ. "ಸದ್ಯಕ್ಕ ಒಂದ ಬಸ್ಸಿನ ಮಂದ್ಯಾಗ ಸಮಾಧಾನ ಮಾಡಕೊಳ್ರಿ. ಇರ್ರಿ."

ಅಕ್ಕೋರು ನಕ್ಕು ಅವನ ಬೋಳುತಲೆಯ ಮೇಲೆ ಕೈಯಿಟ್ಟರು. ಬಸ್ಸು ಹತ್ತಿದ ಮೇಲೆ ಕಾಕಾ ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟ. ನಾನು ಅವನ ಕೈ ಹಿಡಿದುಕೊಂಡು ಕೂತೆ.